ಕೋಳಿಯ ಜಾಮೀನು

ಮುನ್ನೂರು ರೂಪಾಯಿಯ ಕೋಳಿಗೆ ಐನೂರು ರೂಪಾಯಿಯ ಔಷಧ ಹಾಕುವುದು ಸರಿಯೆ? ನಮ್ಮ ಹಿತ್ತಿಲ ಕೋಳಿಯನ್ನು ಮುಂಗುಸಿ ಕಚ್ಚಿದಾಗ ಪುಣೆಯ ನೆರೆಯವರು ಕೇಳಿದ ಪ್ರಶ್ನೆಯಿದು. ಬ್ಯಾಂಕಿನಲ್ಲಿ ವಸೂಲಾಗದ ಸಾಲವನ್ನು ರೈಟ್ ಆಫ್ ಮಾಡ್ತೀವಿ, ನಿಜ. ಜೀವಕ್ಕೂ ಅದೇ ನಿಯಮವೆ?

ಮುಂಗುಸಿಯದು ತಪ್ಪಲ್ಲ, ಹಸಿವು. ಕಾಡುಕೋಳಿ ರಾತ್ರಿ ಮರವೇರಿ ಕೂರುತ್ತದೆ. ಅದರ ಸಂತತಿಯನ್ನು ಪಳಗಿಸಿ ಗೂಡಿಗೆ ತಂದವರು ನಾವು. ಅಂದಮೇಲೆ ಅದರ ರಕ್ಷಣೆಗೆ ನಾವೇ ಜಾಮೀನುದಾರರು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೇ ಸೆಕ್ಷನ್ನೂ ಪ್ರಾಣಿಯ ಯೋಗಕ್ಷೇಮ ಸಾಕಿದವರ ಹೊಣೆ ಎನ್ನುತ್ತದೆ.

ಗಾಯಗೊಂಡದ್ದನ್ನು ಮೊದಲು ಬೇರೆ ಇಡಬೇಕು. ರಕ್ತ ಕಂಡರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ. ಉಪ್ಪುನೀರಲ್ಲಿ ಗಾಯ ತೊಳೆದು, ನೊಣ ಕೂರದಂತೆ ನೋಡ್ಕೋಬೇಕು. ಗಾಯ ಆಳವಾಗಿದ್ದರೆ ಪಶುವೈದ್ಯರೇ ಗತಿ. ಉಳಿಯುವುದಿಲ್ಲ ಎಂದು ಅವರು ಹೇಳಿದರೆ ನರಳಿಸದೆ ಮುಗಿಸುವುದೂ ಆರೈಕೆಯೇ. ಆದರೆ ಆ ತೀರ್ಮಾನ ಅದರ ನೋವು ನೋಡಿ ಆಗಬೇಕು, ನಮ್ಮ ಖರ್ಚು ನೋಡಿ ಅಲ್ಲ.

ನಮ್ಮದು ಉಳಿಯಿತು. ಕುಂಟುತ್ತೆ, ಮೊಟ್ಟೆ ಇಡೋದಿಲ್ಲ. ಲೆಕ್ಕದಲ್ಲಿ ಬರೀ ನಷ್ಟ. ಆದರೆ ಪರಊರಿಗೆ ಬಂದ ಹೊಸದರಲ್ಲಿ ನಾನು ಜ್ವರ ಬಂದು ಮಲಗಿದ್ದಾಗ ಗಂಜಿ ತಂದುಕೊಟ್ಟ ಮನೆಯೊಡತಿ, ನನ್ನಿಂದ ಏನು ಲಾಭವೆಂದು ಕೇಳಿರಲಿಲ್ಲ.