ಸಂಧಿಯಲ್ಲಿ ಸವೆಯತಕ್ಕದ್ದು ಯಾವುದು?

ಎರಡು ವಸ್ತುಗಳು ಒಂದಾಗಬೇಕಾಗಿದ್ದು, ಒಂದು ಮತ್ತೊಂದರೊಳಗೆ ಹೊಗದೆ ನಿಂತಾಗ, ಅವೆರಡರಲ್ಲಿ ಸವೆಯತಕ್ಕದ್ದು ಯಾವುದು? ಈ ಪ್ರಶ್ನೆಯು ಬಡಗಿಗೂ ಕಮ್ಮಾರನಿಗೂ ನಿತ್ಯದ್ದು; ವೈಯಾಕರಣನಿಗೂ ನಿತ್ಯದ್ದೇ; ಸಂಸಾರಿಗಳ ಮಾತಂತೂ ಹೇಳತಕ್ಕದ್ದೇ ಇಲ್ಲ. ಆದರೂ ಇದನ್ನು ಧರ್ಮದ ಪ್ರಶ್ನೆಯೆಂದೆಣಿಸಿ ವಿಚಾರಿಸಿದವರು ಕಡಮೆ. ಒಂದು ಕೋವಿಯ ನಳಿಗೆಯ ನೆವದಿಂದ ಅದನ್ನಿಲ್ಲಿ ವಿಚಾರಿಸಬೇಕೆಂದಿದ್ದೇನೆ.

ಪಾಠಶಾಲೆಯಲ್ಲಿ ಕೌಮುದಿಯನ್ನು ಓದಿದವನಿಗೆ ಕೋವಿಯ ಗೊಡವೆಯೇಕೆಂದು ಕೇಳುವ ಮಹನೀಯರು ಧನುರ್ವೇದವೂ ಒಂದು ಉಪವೇದವೆಂಬುದನ್ನು ನೆನೆಯಬೇಕು. ಅಲ್ಲದೆ, ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ನಮ್ಮ ಅರಂತೋಡಿನಂತಹ ಊರಿನಲ್ಲಿ ಕೋವಿಯು ಅಪರೂಪದ ವಸ್ತುವೂ ಅಲ್ಲ. ಅಡಿಕೆಯ ತೋಟಕ್ಕೆ ಮಂಗಗಳು, ಗದ್ದೆಗೆ ಹಂದಿಗಳು, ಬಾಳೆಗೆ ಆನೆಗಳು ಬರುವ ಸೀಮೆಯಿದು. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯು ಎಷ್ಟೋ ಮನೆಗಳಲ್ಲಿ ಅಜ್ಜನಿಂದ ತಂದೆಗೂ ತಂದೆಯಿಂದ ಮಗನಿಗೂ ಇಳಿದು ಬಂದಿದೆ. ಚುನಾವಣೆ ಬಂದಿತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುವುದೂ, ಆ ದಿನಗಳಲ್ಲಿ ಮಂಗಗಳಿಗೆ ತೋಟವನ್ನು ಬಿಟ್ಟುಕೊಡುವುದೂ ಇಲ್ಲಿಯ ಕೃಷಿಕರಿಗೆ ಬಲ್ಲ ಸಂಗತಿಯೇ. ಸಂಪಾಜೆಯನ್ನು ದಾಟಿ ಘಟ್ಟವನ್ನೇರಿದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯೇ ಬೇಡ. ಆ ವಿನಾಯಿತಿಯನ್ನು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿದ್ದಾರೆ.

ನೆವವಾದುದು ಇಷ್ಟು. ಅಮೆರಿಕೆಯಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬನು, ತನ್ನ ರೈಫಲಿಗೆ ಬೇರೆ ಕಾರ್ಖಾನೆಯವರು ಮಾಡಿದ ಹೊಸ ನಳಿಗೆಯನ್ನು ತರಿಸಿದನಂತೆ. ಅದು ಅಂಗುಲದ ನೂರರಲ್ಲಿ ೨೨ ಪಾಲು ಅಳತೆಯ ಗುಂಡಿನ ರೈಫಲು; ರೂಗರ್ ಎಂಬ ಕಂಪೆನಿಯವರು ೧೯೬೪ರಿಂದ ಮಾಡುತ್ತಿರುವ ತರದ್ದು. ಬೀಗ, ಕುದುರೆ ಮೊದಲಾದ ಯಂತ್ರವೆಲ್ಲ ಅಡಗಿರುವ ನಡುವಣ ಭಾಗವನ್ನು ಒಡಲೆಂದು ಕರೆಯೋಣ. ಆ ಒಡಲು ಅಲ್ಯುಮಿನಿಯಮ್ಮಿನದು, ನಳಿಗೆಯು ಉಕ್ಕಿನದು. ನಳಿಗೆಯ ಬುಡವು ಒಡಲಿನ ದುಂಡು ತೂತಿನೊಳಗೆ ಹೊಕ್ಕು ಕುಳಿತ ಮೇಲೆ, ಒಂದು ತುಂಡನ್ನಿಟ್ಟು ಎರಡು ತಿರುಪುಗಳಿಂದ ಅದನ್ನು ಬಿಗಿಯುತ್ತಾರೆ. ಶಿಷ್ಯನ ಹೊಸ ನಳಿಗೆಯು ಅರ್ಧಕ್ಕೆ ನಿಂತಿತು. ಒಬ್ಬ ಸ್ನೇಹಿತನು ಸುತ್ತಿಗೆಯಿಂದ ಮೆಲ್ಲಗೆ ಬಡಿಯೆಂದನು. ಮತ್ತೊಬ್ಬನು ಒಡಲಿನ ತೂತನ್ನೇ ಅರದಿಂದ ಉಜ್ಜಿ ಹಿರಿದು ಮಾಡೆಂದನು. “ಮಾಷ್ಟ್ರೇ, ನೀವು ಸಂಧಿಪ್ರಕರಣವನ್ನು ಕಲಿಸಿದವರು, ಇಲ್ಲಿ ಯಾವ ಸಂಧಿ?” ಎಂದು ಪರಿಹಾಸಕ್ಕಾಗಿ ಬರೆದಿದ್ದನು. ಪರಿಹಾಸದ ಮಾತಾದರೂ ಅದು ನನ್ನನ್ನು ಬಿಡಲಿಲ್ಲ.

ಮೊದಲು ಸುತ್ತಿಗೆಯ ಪಕ್ಷವನ್ನು ನೋಡುವ. ಈ ಜಾತಿಯ ತೋಟೆಯಲ್ಲಿ ಬೆಂಕಿಹತ್ತುವ ಮದ್ದು ನಡುವಿನಲ್ಲಿಲ್ಲ, ಬುಡದ ಅಂಚಿನೊಳಗಿರುತ್ತದೆ; ಯಂತ್ರದ ಮೊಳೆಯು ಆ ಅಂಚನ್ನೇ ಹೊಡೆಯಬೇಕು. ತೋಟೆಯ ಹಿತ್ತಾಳೆಯ ಚಿಪ್ಪು ಅತಿ ತೆಳುವಾದುದು. ನಳಿಗೆಯು ಪೂರ್ಣವಾಗಿ ಕೂಡದೆಯೋ ಸ್ವಲ್ಪ ಓರೆಯಾಗಿಯೋ ನಿಂತರೆ, ತೋಟೆಯ ಬೆನ್ನಿಗೆ ಸಿಕ್ಕಬೇಕಾದ ಆಸರೆಯು ಸಿಕ್ಕದೆ ಚಿಪ್ಪು ಒಡೆದು, ಕಾದ ಹೊಗೆಯು ಹೊಡೆಯುವವನ ಕಣ್ಣಿನ ಕಡೆಗೇ ಬರಬಹುದು. ಬಲಾತ್ಕಾರದಿಂದ ಕೂಡಿಸಿದ್ದು ಕೂಡಿದಂತೆ ಕಂಡೀತು. ಗಟ್ಟಿಯಾದ ಉಕ್ಕು ಮೆದುವಾದ ಅಲ್ಯುಮಿನಿಯಮ್ಮನ್ನು ಕೆರೆದುಕೊಂಡು ಒಳಹೊಕ್ಕಿರುತ್ತದೆ. ಗಾಯವು ಒಳಗಡೆ ಇರುವುದರಿಂದ ಹೊರಗಿನವನಿಗೆ ಕಾಣುವುದಿಲ್ಲ.

ಹಾಗಾದರೆ ಬಿಗಿಯೆಂಬುದೇ ದೋಷವೋ? ಅಲ್ಲ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಹಾಕುವ ಕಮ್ಮಾರನು ಅದನ್ನು ಗಾಲಿಗಿಂತ ಕಿರಿದಾಗಿಯೇ ಮಾಡುತ್ತಾನೆ. ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಗಾಲಿಗೆ ತೊಡಿಸಿ ನೀರೆರೆದಾಗ ಕುಗ್ಗಿ, ಕೀಲುಗಳನ್ನೆಲ್ಲ ಒಟ್ಟಿಗೆ ಅಪ್ಪಿ ಹಿಡಿಯುತ್ತದೆ. ಅಲ್ಲಿ ಬಿಗಿಯೇ ಗಾಲಿಯ ಪ್ರಾಣ. ನಳಿಗೆಯ ವಿಷಯದಲ್ಲಿಯೂ ಬಲ್ಲವರು ಒಡಲನ್ನು ಕೊಂಚ ಬೆಚ್ಚಗೆ ಮಾಡಿ ನಳಿಗೆಯನ್ನು ತಣ್ಣಗಿಡುವುದುಂಟು. ಹದಿನೇಳೂವರೆ ಮಿಲಿಮೀಟರಿನ ಅಂತಹ ತೂತು ಅರುವತ್ತು ಡಿಗ್ರಿಯಷ್ಟು ಹೆಚ್ಚಿನ ಕಾವಿಗೆ ಹಿಗ್ಗುವುದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ೨೪ ಪಾಲು ಮಾತ್ರ. ಅಷ್ಟರಲ್ಲಿ ಹೊಕ್ಕರೆ ಸರಿ. ಅದಕ್ಕೂ ಮೀರಿದ ಬಿಗಿಯಿದ್ದರೆ ಯಾವುದಾದರೊಂದು ಸವೆಯಲೇಬೇಕು.

ಯಾವುದು? ಕುಶಲಿಗಳ ಮತದಲ್ಲಿ ಸಂದೇಹವಿಲ್ಲ: ಒಡಲನ್ನು ಮುಟ್ಟಕೂಡದು, ನಳಿಗೆಯ ಬುಡವನ್ನು ನುಣುಪಾದ ಉಜ್ಜುಕಾಗದದಿಂದ ಸುತ್ತಲೂ ಸಮನಾಗಿ, ಮತ್ತೆ ಮತ್ತೆ ಇಟ್ಟು ನೋಡುತ್ತ, ಸವೆಯಿಸತಕ್ಕದ್ದು. ಹೊಸತಾಗಿ ಬಂದದ್ದು ಹಳತಕ್ಕೆ ಬಗ್ಗಬೇಕೆಂದು ಇದರ ತಾತ್ಪರ್ಯವೇ? ಹಾಗೆಂದು ತಿಳಿದರೆ ಅನರ್ಥವಾದೀತು. ನಮ್ಮ ಮನೆಗಳಲ್ಲಿ ಸೊಸೆಯಾಗಿ ಬಂದ ಹುಡುಗಿಯ ವಿಷಯದಲ್ಲಿ ನಡೆಸಿಕೊಂಡು ಬಂದಿರುವ ನ್ಯಾಯವು ಇದೇ. “ಬಂದವಳು ಹೊಂದಿಕೊಳ್ಳಬೇಕು” ಎನ್ನುವ ಅತ್ತೆಯವರು ಈ ಕುಶಲಿಗಳ ಮತವನ್ನು ಕೇಳಿದರೆ ಸಂತೋಷಪಟ್ಟಾರು. ಆದುದರಿಂದ ಆ ಮತದ ಹೇತುವನ್ನು ಸರಿಯಾಗಿ ನೋಡಬೇಕು.

ಒಡಲನ್ನು ಮುಟ್ಟಬಾರದೆಂಬುದಕ್ಕೆ ಅದರ ಹಳಮೆಯು ಕಾರಣವಲ್ಲ. ಬೀಗ, ಕುದುರೆ, ಮೊಳೆ ಎಲ್ಲವೂ ಆ ಒಂದು ತೂತಿನ ನೇರಕ್ಕೆ ಹೊಂದಿಕೊಂಡಿವೆ. ಅದನ್ನು ಕೆರೆದರೆ ಉಳಿದವೆಲ್ಲ ದಿಕ್ಕುಗೆಡುತ್ತವೆ, ಮುಂದೆ ಬೇರೆ ಯಾವ ನಳಿಗೆಯೂ ಅಲ್ಲಿ ನೆಟ್ಟಗೆ ನಿಲ್ಲದು. ಸವೆಯಿಸಿದ ಬುಡವು ಕೆಟ್ಟರೆ ಕೆಟ್ಟದ್ದು ಒಂದೇ ನಳಿಗೆ. ಯಾವುದರ ಮೇಲೆ ಹೆಚ್ಚು ಮಂದಿಯ ಭಾರವಿದೆಯೋ ಅದನ್ನು ಕಾಪಾಡಬೇಕೆಂಬುದೇ ಇಲ್ಲಿಯ ಹೇತು. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಸವೆಯುವ ನಳಿಗೆಯಾದರೂ ಸವೆಯುವುದು ಬುಡದ ಹೊರಮೈಯಲ್ಲಿ, ಕೂದಲೆಳೆಗಿಂತ ಕಡಮೆಯಾಗಿ. ತೋಟೆ ಕೂರುವ ಒಳಮನೆಯನ್ನೂ ಗುಂಡಿಗೆ ತಿರುಗುವ ಗತಿಯನ್ನು ಕೊಡುವ ಒಳಗೆರೆಗಳನ್ನೂ ಯಾರೂ ಮುಟ್ಟುವುದಿಲ್ಲ. ಅವನ್ನು ಮುಟ್ಟಿದರೆ ನಳಿಗೆಯು ನಳಿಗೆಯಾಗಿ ಉಳಿಯುವುದಿಲ್ಲ, ಕೊಳವೆಯಾಗುತ್ತದೆ. ಸೊಸೆಗೆ ಅಡುಗೆಯ ಉಪ್ಪುಹುಳಿಯಲ್ಲಿ ಹೊಂದಿಕೊಳ್ಳೆಂದು ಹೇಳುವವರು ಹೇಳಲಿ. ಅವಳ ಓದನ್ನು ಬಿಡಿಸುವವರು, ತವರಿನ ಮಾತನ್ನು ಮರೆಯಿಸುವವರು ಒಳಗೆರೆಗಳನ್ನು ಕೆರೆಯುವವರು. ಇಷ್ಟಾಗಿಯೂ ದೃಷ್ಟಾಂತವು ಪೂರ್ತಿ ಸಲ್ಲದು; ಕಬ್ಬಿಣಕ್ಕೆ ನೋವಿಲ್ಲ, ಮತ್ತೊಂದನ್ನು ಕೊಂಡು ತರಬಹುದು. ನೋವಿರುವಲ್ಲಿ ಒಂದೇ ಕಡೆಯು ಸವೆಯಬೇಕೆಂಬ ನಿಯಮಕ್ಕೆ ಆಧಾರವೇ ಇಲ್ಲ.

ವ್ಯಾಕರಣವನ್ನು ನೋಡಿರಿ. ಮಹಾ ಎಂಬುದೂ ಇಂದ್ರ ಎಂಬುದೂ ಕೂಡಿ ಮಹೇಂದ್ರವಾಗುವಲ್ಲಿ ಎರಡು ಸ್ವರಗಳೂ ತಮ್ಮನ್ನು ಬಿಟ್ಟುಕೊಟ್ಟು ಮೂರನೆಯದೊಂದು ಬರುತ್ತದೆ. ‘ಕೋಽಪಿ’ ಎಂಬಲ್ಲಿ ಹಿಂದಿನದು ನಿಂತು ಮುಂದಿನದು ಅದರಲ್ಲಿ ಅಡಗುತ್ತದೆ. ‘ಪ್ರೇಜತೇ’ ಎಂಬಲ್ಲಿ ಮುಂದಿನದೇ ನಿಂತು ಹಿಂದಿನದು ಅಡಗುತ್ತದೆ. ‘ಹರೀ ಏತೌ’ ಎಂಬಲ್ಲಿ ಪಕ್ಕದಲ್ಲಿದ್ದರೂ ಎರಡೂ ಇದ್ದಂತೆಯೇ ಇರುತ್ತವೆ. ಅದಕ್ಕೂ ಶಾಸ್ತ್ರದ ಅನುಮತಿಯಿದೆ. ನಮ್ಮ ಕನ್ನಡವಾದರೋ ಇನ್ನೂ ದಾಕ್ಷಿಣ್ಯವುಳ್ಳದ್ದು. ‘ಮನೆಯನ್ನು’ ಎಂಬಲ್ಲಿ ಯಾರೂ ಸವೆಯದಂತೆ ನಡುವೆ ಯಕಾರವೊಂದು ಬಂದು ಕೈಹಿಡಿಯುತ್ತದೆ. ‘ಮಾತಿಲ್ಲ’ ಎಂಬಲ್ಲಿ ಮೊದಲಿನ ಪದದ ಕೊನೆಯ ಉಕಾರವು ಲೋಪವಾಗುತ್ತದೆ. ಆದರೆ ‘ಗುರುವನ್ನು’ ಎಂಬಲ್ಲಿ ಅದೇ ಉಕಾರವನ್ನು ಲೋಪಮಾಡಬಾರದು, ಏಕೆಂದರೆ ಅರ್ಥವು ಕೆಡುತ್ತದೆ. ಅರ್ಥವು ಕೆಡದಿದ್ದರೆ ಮಾತ್ರ ಲೋಪವೆಂಬ ಈ ನಿಯಮವನ್ನು ಮಕ್ಕಳಿಗೆ ಕಂಠಪಾಠ ಮಾಡಿಸುವಾಗ, ಇದು ನಳಿಗೆಗೂ ಸಲ್ಲುವುದೆಂದು ನಮಗಾರಿಗೂ ತೋರಿರಲಿಲ್ಲ.

ಈ ನಿಯಮವನ್ನು ಮರೆತ ರಾಜ್ಯಾಧಿಕಾರದ ಉದಾಹರಣೆಯು ನಮ್ಮ ಸೀಮೆಯಲ್ಲಿಯೇ ಇದೆ. ಅಮರಸುಳ್ಯವು ೧೮೩೪ರ ವರೆಗೆ ಕೊಡಗಿನ ಅರಸರದು. ಆ ವರ್ಷ ಕಂಪೆನಿ ಸರಕಾರದವರು ಕೊಡಗನ್ನು ಹಿಡಿದು, ಈ ಕೆಳಗಿನ ಸೀಮೆಯನ್ನು ಮಾತ್ರ ಕಿತ್ತು ಕೆನರಾ ಜಿಲ್ಲೆಗೆ ಜೋಡಿಸಿದರು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿಯೇ ಸಲ್ಲಿಸಬೇಕಾಯಿತು. ನಕಾಶೆಯಲ್ಲಿ ತುಂಡು ಸರಿಯಾಗಿ ಕೂತಿತ್ತು. ಕಾಯಿಸುವ ಸಾವಧಾನವಾಗಲಿ, ಇಟ್ಟು ನೋಡುವ ತಾಳ್ಮೆಯಾಗಲಿ ಅಲ್ಲಿರಲಿಲ್ಲ. ಮೂರೇ ವರ್ಷಗಳಲ್ಲಿ, ೧೮೩೭ರ ವಸಂತದಲ್ಲಿ, ಇಲ್ಲಿಯ ರೈತರು ದಂಡಾಗಿ ಇಳಿದು ಮಂಗಳೂರನ್ನೇ ಹಿಡಿದು ಕೆಲವು ದಿನಗಳ ಕಾಲ ಇಟ್ಟುಕೊಂಡರು. ಅನಂತರ ನಡೆದ ಗಲ್ಲುಗಳೂ ಗಡಿಪಾರುಗಳೂ ಸುತ್ತಿಗೆಯ ಎರಡನೆಯ ಪೆಟ್ಟುಗಳು.

ಶಿಷ್ಯನ ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ನಳಿಗೆ ಬದಲಾದ ಮೇಲೆ ಇದು ಅದೇ ರೈಫಲೋ? ವೈಶೇಷಿಕರು ಅಲ್ಲವೆನ್ನುವರು, ಅವಯವವು ಬದಲಾದಾಗ ಹಳೆಯ ಅವಯವಿಯು ನಾಶವಾಗಿ ಬೇರೊಂದು ಹುಟ್ಟುವುದೆಂದು ಅವರ ಮತ. ಮಿಲಿಂದ ರಾಜನಿಗೆ ರಥದ ದೃಷ್ಟಾಂತವನ್ನು ಹೇಳಿದ ನಾಗಸೇನ ಭಿಕ್ಷುವು, ರೈಫಲೆಂಬುದು ಮೊದಲಿಂದಲೂ ಹೆಸರು ಮಾತ್ರವೆಂದಾನು. ಪತಂಜಲಿಯ ಮಹಾಭಾಷ್ಯದಲ್ಲಿ, ಯಾವುದರಲ್ಲಿ ತತ್ತ್ವವು ಕೆಡುವುದಿಲ್ಲವೋ ಅದೂ ನಿತ್ಯವೇ ಎಂಬ ಮಾತಿದೆ. ನನಗೆ ಅದೇ ರುಚಿಸುತ್ತದೆ. ಕಾನೂನುಗಳಾದರೋ ಒಮ್ಮತದಲ್ಲಿಲ್ಲ. ಅಮೆರಿಕೆಯವರಿಗೆ ಅಂಕೆಯನ್ನು ಕೊರೆದ ಒಡಲೇ ಆಯುಧ, ನಳಿಗೆಯು ಬಿಡಿಭಾಗ. ನಮ್ಮ ೧೯೫೯ರ ಆಯುಧ ಕಾಯಿದೆಯಲ್ಲಿ ಬಿಡಿಭಾಗಗಳೂ ಆಯುಧದ ವ್ಯಾಖ್ಯೆಯೊಳಗೇ ಬರುತ್ತವೆ. ದುರಸ್ತಿಯು ಪರವಾನಗಿಯುಳ್ಳವನ ಕೈಯಿಂದಲೇ ಆಗತಕ್ಕದ್ದು. ಶಿಷ್ಯನು ಅಲ್ಲಿ ಅಡುಗೆಮನೆಯ ಮೇಜಿನ ಮೇಲೆ ಮಾಡುವ ಕೆಲಸವನ್ನು ಅರಂತೋಡಿನಲ್ಲಿ ಮಾಡುವಂತಿಲ್ಲ. ಹಾಗಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಘಟ್ಟದ ಮೇಲಿನವರು ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳನ್ನು ಸಾಲಾಗಿಟ್ಟು ಪೂಜಿಸುತ್ತಾರೆ. ಸಂಸ್ಕೃತದಲ್ಲಿ ಅಗ್ನಿಶಿಖೆಯೆನ್ನುವ, ಅವರು ತೋಕ್‌ಪೂ ಎಂದು ಕರೆಯುವ ಕೆಂಪು ಹಳದಿಯ ಹೂವನ್ನು ಅಂಕೆ ಕೊರೆದ ಒಡಲಿಗೆ ಮುಡಿಸುವುದಿಲ್ಲ. ನಳಿಗೆಯ ಬಾಯಿಗೆ ಮುಡಿಸುತ್ತಾರೆ.