ಜಗಲಿಯ ಓದು

ಹೆಬ್ರಿಯಿಂದ ಆಗುಂಬೆ ಘಾಟಿಯ ಬುಡದವರೆಗೆ ಊರು ಅಂದರೆ ಸಾಲುಮನೆಗಳ ಬೀದಿಯಲ್ಲ. ಒಂದು ಮನೆ ತೋಟದಾಚೆ, ಇನ್ನೊಂದು ಗುಡ್ಡದ ಈಚೆ. ನಾಡ್ಪಾಲು, ಕಬ್ಬಿನಾಲೆ ಕಡೆಯ ಮಕ್ಕಳು ಸಂಜೆ ಮನೆ ಸೇರಿದರೆ ಪುಸ್ತಕದ ಕನ್ನಡ ಅವರ ಕಿವಿಗೆ ಬೀಳುವುದು ಬಹುತೇಕ ಮರುದಿನವೇ. ಮನೆಯಲ್ಲಿ ತುಳು, ಕುಂದಗನ್ನಡ, ಕೊಂಕಣಿ, ಮರಾಠಿ. ಆಟಿ ತಿಂಗಳ ಮಳೆಗೆ ನಾಲ್ಕು ದಿನ ರಜೆ ಸಿಕ್ಕಿತೆಂದರೆ ಪುಸ್ತಕ ಇನ್ನಷ್ಟು ದೂರ. ಇಲ್ಲಿ ಮಕ್ಕಳಿಗೆ ಓದು ಕಲಿಸಲು ಹೊರಟ ಸ್ವಯಂಸೇವಕರು ಕೂರಬೇಕಾದದ್ದು ಮನೆಯ ಜಗಲಿಯಲ್ಲಿ, ಮನೆಯವರನ್ನೂ ಜೊತೆಗೆ ಕೂರಿಸಿಕೊಂಡು ಎಂದು ನನಗೆ ಬಲವಾಗಿ ಅನಿಸುತ್ತದೆ.

ನಮ್ಮದು ಓದಿದವರ ಜಿಲ್ಲೆ. 2011ರ ಜನಗಣತಿಯಲ್ಲಿ ಉಡುಪಿಯ ಸಾಕ್ಷರತೆ ಶೇ. 86. ಆದರೆ ಅಕ್ಷರ ಗೊತ್ತಿರುವುದು ಬೇರೆ, ಓದಲು ಬರುವುದು ಬೇರೆ. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಸ್ವಯಂಸೇವಕರು 2005ರಿಂದ ಹಳ್ಳಿಹಳ್ಳಿಯ ಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲ ಐದನೇ ತರಗತಿಯ ಮಕ್ಕಳು ದೇಶದ ಹಳ್ಳಿಗಳಲ್ಲಿ ಅರ್ಧದಷ್ಟೂ ಇಲ್ಲ ಎನ್ನುತ್ತದೆ ಅವರ 2024ರ ವರದಿ. ಕನ್ನಡದ ಮಗು ಹೆಚ್ಚಾಗಿ ಎಡವುವುದು ಒತ್ತಕ್ಷರದಲ್ಲಿ. ‘ಹಕ್ಕಿ’ ಎಂಬಲ್ಲಿ ನಿಂತು, ‘ಕ’ಗೆ ‘ಕ’ ಒತ್ತು ಎಂದು ಬಾಯಲ್ಲೇ ಗುಣಿಸಿ, ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ವಾಕ್ಯದ ಮೊದಲ ಪದ ಮರೆತುಹೋಗಿರುತ್ತದೆ. ಇದಕ್ಕೆ ಮದ್ದು ದಿನವೂ ಗಟ್ಟಿಯಾಗಿ ಓದುವುದು, ಅದನ್ನು ಯಾರಾದರೂ ಕೂತು ಕೇಳುವುದು. ಶಾಲೆಯಲ್ಲಿ ಅದಕ್ಕೆ ಪುರುಸೊತ್ತಿಲ್ಲ. 25 ಮಕ್ಕಳಿಂದ ತಲಾ 5 ನಿಮಿಷ ಓದಿಸಿದರೂ ಎರಡು ಗಂಟೆ ದಾಟುತ್ತದೆ. ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಟೀಚರು ಆ ಎರಡು ಗಂಟೆಯನ್ನು ಎಲ್ಲಿಂದ ತರಬೇಕು?

ಕೇಳುವವರು ಮನೆಯಲ್ಲಿದ್ದಾರೆ. ಅಮ್ಮ ಮಡಿಲ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಾಳೆ. ಕೈಗೆ ಬಿಡುವಿಲ್ಲ, ಕಿವಿಗಿದೆ. ಪಕ್ಕದಲ್ಲಿ ಮಗಳು ನರಿಯ ಕತೆ ಓದುತ್ತಾಳೆ. ಅರ್ಧಕ್ಕೆ ನಿಂತರೆ ಅಜ್ಜಿಯ ಪ್ರಶ್ನೆ: “ಬೊಕ್ಕ ದಾನೆ ಆಂಡ್ ಮಗಾ?” ಆಮೇಲೇನಾಯಿತು ಎಂದು ಹೇಳಬೇಕಾದರೆ ಮಗು ಆ ಸಾಲನ್ನು ಇನ್ನೊಮ್ಮೆ ಓದಲೇಬೇಕು, ಓದಿದ್ದನ್ನು ತುಳುವಿನಲ್ಲಿ ಹೇಳಲೂಬೇಕು. ಎಷ್ಟು ಅರ್ಥವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಅದನ್ನು ನಡೆಸಿದ ಅಜ್ಜಿಗೆ ಅಕ್ಷರ ಬರಲೇಬೇಕೆಂದಿಲ್ಲ. ‘ನಮಗೆ ಓದು ಬರುವುದಿಲ್ಲ, ನಾವೇನು ಕಲಿಸುವುದು’ ಎಂದು ಹಿಂದೆ ಸರಿಯುವ ತಂದೆತಾಯಿಗೆ ಈ ಧೈರ್ಯ ತುಂಬುವುದೇ ಸ್ವಯಂಸೇವಕರ ಮೊದಲ ಕೆಲಸ.

ಮನೆಮನೆಗೆ ಹೋಗಿ ಕಲಿಸುವುದು ಈ ಸೀಮೆಗೆ ಹೊಸದಲ್ಲ. 1990ರ ಫೆಬ್ರವರಿಯಲ್ಲಿ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿತು. ಕರ್ನಾಟಕದಲ್ಲಿ ಆ ಸಾಕ್ಷರತಾ ಆಂದೋಲನವನ್ನು ಮೊದಲು ಕೈಗೆತ್ತಿಕೊಂಡ ಜಿಲ್ಲೆಗಳಲ್ಲಿ ಅವಿಭಜಿತ ದಕ್ಷಿಣ ಕನ್ನಡವೂ ಒಂದು. ಉಡುಪಿ ಅದರಿಂದ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಂದೋಲನದ ದಿನಗಳಲ್ಲಿ ಹಗಲು ದುಡಿದು ಬಂದವರಿಗೆ ಸಂಬಳವಿಲ್ಲದ ಬೋಧಕರು ಅಕ್ಷರ ತಿದ್ದಿಸಿದರು. ಮುಡಿಪುವಿನ ಜನಶಿಕ್ಷಣ ಟ್ರಸ್ಟ್ ಆ ಆಂದೋಲನದ ಕಾರ್ಯಕರ್ತರಿಂದಲೇ ಬೆಳೆದದ್ದು. ಕಲಿಯುವವರ ವಯಸ್ಸು 15ರಿಂದ 35 ಎಂದು ಆಗ ಗೊತ್ತುಮಾಡಿದ್ದರು. ಅಂದು ಸ್ಲೇಟು ಹಿಡಿದ ಹೆಂಗಸರು ಇಂದು ಅಜ್ಜಿಯರು. ಅವರಲ್ಲಿ ಎಷ್ಟೋ ಮಂದಿಗೆ ಸಹಿ ಉಳಿದಿದೆ, ಓದು ಕೈಬಿಟ್ಟಿದೆ. ಓದಲು ಏನೂ ಇಲ್ಲದ ಮನೆಯಲ್ಲಿ ಕಲಿತದ್ದು ಉಳಿಯುವುದಾದರೂ ಹೇಗೆ? ದೊಡ್ಡವರಿಗೊಂದು ಯೋಜನೆ, ಮಕ್ಕಳಿಗೊಂದು ಯೋಜನೆ ಎಂದು ಬೇರೆಬೇರೆ ಮಾಡಿದ್ದರಲ್ಲೇ ನಾವು ಕಳೆದುಕೊಂಡದ್ದು ಹೆಚ್ಚು. ಮೊಮ್ಮಗಳ ಕತೆಪುಸ್ತಕದ ದಪ್ಪಕ್ಷರವನ್ನು ಅಜ್ಜಿಯೂ ಬೆರಳಿಟ್ಟು ಓದಬಹುದು. ಅವಳಿಗೆ ಪ್ರತ್ಯೇಕ ತರಗತಿ ಬೇಡ.

ಪುಸ್ತಕಕ್ಕೆ ದಾರಿಯಿದೆ. ಕೊರೊನಾ ಕಾಲದಲ್ಲಿ, 2020ರ ಮಕ್ಕಳ ದಿನದಂದು, ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿತು. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆದರೆ ಗ್ರಂಥಾಲಯ ಇರುವುದು ಪೇಟೆಯ ಹತ್ತಿರ, ಮಗು ಇರುವುದು ಗುಡ್ಡದ ಹಿಂದೆ. ನಡುವಿನ ದಾರಿಯನ್ನು ಯಾರಾದರೂ ಸವೆಸಬೇಕು. ಮುದ್ರಾಡಿ, ಶಿವಪುರ, ಚಾರ, ವರಂಗ ಎಲ್ಲೆಡೆ ನಿವೃತ್ತ ಮೇಷ್ಟ್ರುಗಳಿದ್ದಾರೆ, ಯುವಕ ಮಂಡಲಗಳಿವೆ, ಬೈಕಿನಲ್ಲಿ ಓಡಾಡುವ ಕಾಲೇಜು ಮಕ್ಕಳಿದ್ದಾರೆ. ಹದಿನೈದು ದಿನಕ್ಕೊಮ್ಮೆ ಹತ್ತು ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಹಳೆಯದನ್ನು ಪಡೆದು ಹೊಸದನ್ನು ಕೊಟ್ಟು, ಒಂದು ಕತೆ ಕೇಳಿ ಬಂದರೆ ಆಯಿತು. ಪುಟ ಹರಿದಿದ್ದರೆ ಗದರಬೇಡಿ. ಗೋಂದು ಹಚ್ಚಿ ಮುಂದಿನ ಮನೆಗೆ ಕೊಡಿ.