ಕತ್ತಿಕಾಯಿಯ ಪ್ರಶ್ನೆ

ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೇಸಿಗೆ ರಜೆಯೆಂದರೆ ಮಕ್ಕಳಿಗೆ ಲಗೋರಿ, ನಮ್ಮಂಥ ನಿವೃತ್ತರಿಗೆ ಭಾನುವಾರದ ಶ್ರಮದಾನ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಊರೂರಿಗೆ ಹಬ್ಬಿದ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು; ಬಿಟ್ಟರೆ ಒಂದೊಂದೂ ಸಾವಿರಾರು ಬೀಜ ಉದುರಿಸುತ್ತದೆ. "ಅಮೆರಿಕದಿಂದ ಬಂದ ಪರದೇಶಿ, ಅದಕ್ಕೇ ಕೀಳೋದು" ಎಂದೆ ಮೊಮ್ಮಗನಿಗೆ.

"ಈ ಮರ ನಮ್ಮದಾ ತಾತ?" ಎಂದ, ಒಣಗಿದ ಕತ್ತಿಕಾಯಿ ಝಳಪಿಸುತ್ತ. ನಾವು ನೆರಳಿಗೆ ನಿಂತಿದ್ದ ಗುಲ್‌ಮೊಹರಿನ ತವರು ಮಡಗಾಸ್ಕರ್! ಹೋಗಲಿ, ವರ್ಗವಾಗಿ ಬಂದು ನೆಲೆಸಿದ ನಾನೇನು ಈ ಊರಿನವನೇ? ಹೊರಗಿನದೆಂಬ ಕಾರಣ ಬಾಯಿಗೆ ಎಷ್ಟು ಸಲೀಸಾಗಿ ಬಂದಿತ್ತು! ಅದೇ ಮಾತನ್ನು ಹುಡುಗ ನಾಳೆ ಶಾಲೆಯಲ್ಲಿ ಯಾರಿಗಾದರೂ ಅಂದರೆ?

"ತಪ್ಪು ಹೇಳಿದೆ ಕಣೋ. ಅದು ಪಕ್ಕದ ಗರಿಕೆಯನ್ನೂ ಬೆಳೆಯೋಕೆ ಬಿಡಲ್ಲ, ನಿಮ್ಮಜ್ಜಿಗೆ ಉಬ್ಬಸ ತರುತ್ತೆ. ಅದಕ್ಕೇ ಕೀಳೋದು."

ಅಷ್ಟರಲ್ಲಿ ಅವನು ಲಗೋರಿಗೆ ಓಡಿಯಾಗಿತ್ತು.